ಒಂದು ಬೀದಿಗೆ ಒಂದೇ ಜೀವಿ

ಎಲ್ಲದಕ್ಕೂ ಮೂಲ ನಮೂನೆ ಹದಿನಾಲ್ಕರ ಏಳನೆಯ ಕಲಂ. ರಸ್ತೆ ಅಗಲ ಮಾಡುವವರನ್ನು ಬೈಯುವವರು ಬೈದುಕೊಳ್ಳಲಿ, ನಾನಂತೂ ಆ ಕಲಂ ಬರೆದ ಪುಣ್ಯಾತ್ಮನನ್ನೇ ಬೈಯುತ್ತೇನೆ. ಅವನಿಗೆ ಸ್ವಂತ ಮನೆ ಇತ್ತೋ ಇಲ್ಲವೋ ದೇವರೇ ಬಲ್ಲ.

ಕಾಲುವೆಯ ಪಕ್ಕದ ಆ ಬೀದಿಯಲ್ಲಿ ಇದ್ದದ್ದು ಹನ್ನೊಂದು ಮನೆ. ರಸ್ತೆ ಅಗಲವಾಗಬೇಕು, ಹನ್ನೊಂದನ್ನೂ ಕೆಡವುತ್ತೇವೆ ಎಂದು ನೋಟೀಸು ಬಂದು ತಿಂಗಳಾಗಿತ್ತು. ಆಕ್ಷೇಪಣೆ ಇದ್ದವರು ನಮೂನೆ ಹದಿನಾಲ್ಕನ್ನು ತುಂಬಿ, ಸ್ಥಳ ತನಿಖೆಗೆ ಬರುವ ಅಧಿಕಾರಿಯ ಕೈಗೆ ಕೊಡಬೇಕಿತ್ತು. ಅಧಿಕಾರಿ ಬರುವುದು ಇವತ್ತು ಸಂಜೆ ನಾಲ್ಕಕ್ಕೆ. ಇಲ್ಲಿ ಜನ ವಾಸವಾಗಿದ್ದಾರೆ, ಒಲೆ ಹಚ್ಚುತ್ತಾರೆ, ಬಟ್ಟೆ ಒಣಹಾಕುತ್ತಾರೆ ಎಂದೆಲ್ಲ ಬರೆಯುವುದಕ್ಕೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ. ಸದರಿ ಜಾಗದಲ್ಲಿ ರಕ್ಷಣೆಗೆ ಅರ್ಹವಾದ ಕಾಡುಜೀವಿ ಇದೆಯೇ? ಅದರ ಬೆನ್ನಿಗೆ ಆ ಏಳನೆಯ ಕಲಂ: ‘ಒಂದಕ್ಕಿಂತ ಹೆಚ್ಚು ಜೀವಿಗಳಿದ್ದಲ್ಲಿ ಅವನ್ನು ವರ್ಗೀಕರಣ ಹಾಗೂ ಸಂರಕ್ಷಣಾ ಸ್ಥಿತಿಯ ಪ್ರಕಾರ ಹೋಲಿಸಿ, ಒಂದನ್ನು ಮಾತ್ರ ಆರಿಸತಕ್ಕದ್ದು. ಒಂದು ಬೀದಿಗೆ ಒಂದೇ ಜೀವಿ.’

ನಮೂನೆ ತುಂಬುವ ಕೆಲಸ ಕರಡಯ್ಯನ ತಲೆಗೆ ಕಟ್ಟಿದ್ದು ಸಹಜವೇ. ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಇಪ್ಪತ್ತೆಂಟು ವರ್ಷ ಬೇರೆಯವರ ತಪ್ಪಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿತ್ತು, ಹೆಸರೂ ಕರಡಯ್ಯ ಎಂದೇ ಆಗಿಹೋಗಿತ್ತು. ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ಬರೆಯಬೇಕಾದರೂ ಹನ್ನೊಂದನೆಯ ಮನೆಯ ಬಾಗಿಲು ತಟ್ಟುತ್ತಿದ್ದರು. ಇಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಆದರೆ ಈ ಸಲ ಅವನಿಗೂ ಪ್ರಾಣಸಂಕಟ. ಮದುವೆಯಾದ ಮೇಲೆ ಒಂಬತ್ತು ಬಾಡಿಗೆ ಮನೆ ಬದಲಿಸಿ, ಹತ್ತನೆಯದಾಗಿ ಸಿಕ್ಕಿದ್ದ ಸ್ವಂತ ಗೂಡು ಅದು. ಎರಡು ಕೋಣೆ, ಕಾಲುವೆಯ ಕಡೆಗೊಂದು ಕಿಟಕಿ, ಹಿಂಬಾಗಿಲಿನಿಂದ ನೀರಿಗಿಳಿಯಲು ನಾಲ್ಕು ಕಲ್ಲಿನ ಮೆಟ್ಟಿಲು. ಇಲ್ಲಿಗೆ ಬಂದು ಆರು ವರ್ಷವಾಗಿದ್ದರೂ ಹೆಂಡತಿ ಒಂದು ಟ್ರಂಕನ್ನು ಮಾತ್ರ ಬಿಚ್ಚಿರಲಿಲ್ಲ. ಅದರೊಳಗೆ ಅವಳು ಮದುವೆಯಾದ ಹೊಸದರಲ್ಲಿ, ಸ್ವಂತ ಮನೆಯ ಕಿಟಕಿಗೆಂದು ಹೊಲಿದ ನೀಲಿ ಪರದೆ ಇತ್ತು. ಟ್ರಂಕಿನ ಸುತ್ತ ತೆಂಗಿನ ನಾರಿನ ಹಗ್ಗ ಹಾಗೇ ಬಿಗಿದಿತ್ತು.

“ನಂಬಿಕೆ ಬಂದ ದಿನ ಬಿಚ್ತೀನಿ,” ಎನ್ನುತ್ತಿದ್ದಳು ಅವಳು. “ಬಿಚ್ಚೋದು, ಕಟ್ಟೋದು, ಬಿಚ್ಚೋದು, ಕಟ್ಟೋದು. ನನ್ನ ಕೈಲಿ ಇನ್ನಾಗಲ್ಲ ರೀ.”

ನೋಟೀಸು ಬಂದ ದಿನ ಅವಳು ಟ್ರಂಕಿನ ಮೇಲಿನ ಧೂಳು ಒರೆಸಿದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು ಎಂದು ಕರಡಯ್ಯನಿಗೆ ಅನ್ನಿಸಿತು.

ಬೆಳಗ್ಗೆ ಎಂಟಕ್ಕೆಲ್ಲ ಅವನ ಮುಂದಿನ ಕೋಣೆಯಲ್ಲಿ ಮೂವರು ಬಂದು ಕೂತಿದ್ದರು. ಪಕ್ಕದ ಹತ್ತನೆಯ ಮನೆಯ ಸರ್ವೆಯಣ್ಣ, ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಜೇಬಿನಲ್ಲಿ ಅಳತೆ ಟೇಪು ಇಲ್ಲದೆ ಹೊರಗೆ ಬಾರದ ಮನುಷ್ಯ. ಆರನೆಯ ಮನೆಯ ಸಂಗೀತದ ಟೀಚರು. ಬೀದಿಯ ಮೂಲೆಯಲ್ಲಿ ಮೀನಿನ ಅಂಗಡಿ ಇಟ್ಟುಕೊಂಡಿದ್ದ ಮೀನಕ್ಕ.

ಬೀದಿಯಲ್ಲಿ ಇದ್ದ ಕಾಡುಜೀವಿಗಳು ಎರಡು. ಟೀಚರ ಮನೆಯ ಜಗಲಿಯ ದೀಪದ ಬುಡ್ಡಿಯ ಮೇಲೆ ಗೂಡು ಕಟ್ಟಿ, ಬೆಳಗಿನ ಜಾವ ಐದಕ್ಕೇ ಹಾಡಲು ಶುರುಮಾಡುವ ಪಿಕಳಾರ ಹಕ್ಕಿ. ಮತ್ತೆ ಕಾಲುವೆಯಲ್ಲಿ ಈಜುತ್ತ ಬಂದು ಮೀನಕ್ಕನ ಬುಟ್ಟಿಗೆ ಬಾಯಿ ಹಾಕುವ ನೀರುನಾಯಿ.

“ಇದರಲ್ಲಿ ಯೋಚ್ನೆ ಮಾಡೋದಕ್ಕೆ ಏನಿದೆ?” ಎಂದರು ಟೀಚರು. “ಒಂದು ಹಾಡುತ್ತೆ, ಇನ್ನೊಂದು ಕದಿಯುತ್ತೆ. ಹಕ್ಕಿ ಹೆಸರೇ ಬರೀರಿ.”

“ನನ್ನ ಓಟೂ ಹಕ್ಕಿಗೇ,” ಎಂದಳು ಮೀನಕ್ಕ. “ನಾಲ್ಕು ವರ್ಷದಿಂದ ನನ್ನ ಅಂಗಡೀಲಿ ಒಂದು ದಿನ ತಪ್ಪದೆ ಊಟ ಮಾಡಿದೆ ಆ ಕಳ್ಳ ಪ್ರಾಣಿ. ಅದನ್ನ ರಕ್ಷಣೆ ಬೇರೆ ಮಾಡ್ಬೇಕಾ?”

“ಓಟು ಹಾಕೋ ವಿಷಯ ಅಲ್ಲಮ್ಮ ಇದು,” ಎಂದ ಕರಡಯ್ಯ. ಅಚ್ಚುಕೂಟದಿಂದ ತಂದಿದ್ದ ದಪ್ಪನೆಯ ಪ್ರಾಣಿಕೋಶವನ್ನು ಮೇಜಿನ ಮೇಲೆ ಬಿಚ್ಚಿದ. ಅದರ ಕರಡು ತಿದ್ದಿದವನು ಅವನೇ. “ಹೋಲಿಸಿ ಬರೀಬೇಕು. ಮೊದಲು ವರ್ಗೀಕರಣ. ಸಾಮ್ರಾಜ್ಯ, ಎರಡೂ ಪ್ರಾಣಿ ಸಾಮ್ರಾಜ್ಯ. ವಂಶ, ಎರಡಕ್ಕೂ ಬೆನ್ನುಹುರಿ ಇದೆ, ಆದ್ದರಿಂದ ಅದೂ ಒಂದೇ.”

“ಹಾಗಾದ್ರೆ ಜಗಳ ಎಲ್ಲಿ ಶುರುವಾಗುತ್ತೆ?” ಎಂದು ಕೇಳಿದರು ಸರ್ವೆಯಣ್ಣ.

“ಮೂರನೇ ಮೆಟ್ಟಿಲಲ್ಲಿ. ಅದು ಪಕ್ಷಿ ವರ್ಗ, ಇದು ಸಸ್ತನಿ ವರ್ಗ. ಮರಿಗೆ ಹಾಲು ಕುಡಿಸುತ್ತಲ್ಲ, ಅದಕ್ಕೆ. ನಾವೂ ಅದೇ ವರ್ಗ.”

ಟೀಚರ ಮುಖ ಕೆಂಪಾಯಿತು. “ಅಂದ್ರೆ ಆ ಮೀನುಗಳ್ಳ ನಮಗೆ ನೆಂಟ, ದಿನಾ ಹಾಡಿ ಎಬ್ಬಿಸೋ ಹಕ್ಕಿ ಹೊರಗಿನದು. ಒಳ್ಳೆ ಪುಸ್ತಕ.”

“ಗಣ, ಹಕ್ಕಿಯದು ಕೊಂಬೆ ಹಿಡಿದು ಕೂರೋವುಗಳ ಗಣ. ಇದರದು ಮಾಂಸ ತಿನ್ನೋವುಗಳ ಗಣ. ಆಮೇಲೆ ಕುಟುಂಬ. ಹೆಸರು ನೀರುನಾಯಿ ಅಂತ ಇದ್ರೂ ಅದು ನಾಯಿ ಕುಟುಂಬ ಅಲ್ಲವಂತೆ.”

“ಕುಟುಂಬ ಯಾವುದಾದ್ರೇನು,” ಎಂದಳು ಮೀನಕ್ಕ, “ಬೆಳೆಸಿರೋ ರೀತಿ ಸರಿಯಿಲ್ಲ.”

ಇಷ್ಟರವರೆಗೆ ಮಾತು ಹೇಗೋ ನಡೆದಿತ್ತು. ಸಂರಕ್ಷಣಾ ಸ್ಥಿತಿಯ ಪುಟಕ್ಕೆ ಬಂದಾಗ ಕರಡಯ್ಯನ ದನಿ ಇಳಿಯಿತು. ನೀರುನಾಯಿಯ ಎದುರು ‘ಅಪಾಯಕ್ಕೀಡಾಗಬಲ್ಲದ್ದು’ ಎಂದಿತ್ತು. ಪಿಕಳಾರದ ಎದುರು ‘ಅತಿ ಕಡಿಮೆ ಕಾಳಜಿ’ ಎಂದಿತ್ತು.

“ಅದರರ್ಥ?” ಎಂದರು ಟೀಚರು.

“ಬೇಕಾದಷ್ಟಿವೆ, ತಲೆ ಕೆಡಿಸ್ಕೋಬೇಡಿ ಅಂತ.”

ಟೀಚರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸರ್ವೆಯಣ್ಣ ಮಾತ್ರ ನೆಟ್ಟಗೆ ಕೂತರು. “ಅಳೋದು ಆಮೇಲೆ ಇರಲಿ. ಹಕ್ಕಿ ಹೆಸರು ಬರೆದ್ರೆ ಹನ್ನೊಂದು ಮನೇನೂ ನೆಲಸಮ. ಕರಡಯ್ಯ, ನೀರುನಾಯಿ ಬರಿ. ಕಾರಣ ಗಟ್ಟಿಯಾಗಿರಲಿ.”

ಕರಡಯ್ಯ ಬರೆದ. ತಾನೇ ಬರೆಯುವ ಅವಕಾಶ ಅವನಿಗೆ ಸಿಗುವುದೇ ಅಪರೂಪ. ಪ್ರತಿ ಪದವನ್ನೂ ತೂಗಿ ಇಟ್ಟು, ಕೊನೆಗೆ ಗಟ್ಟಿಯಾಗಿ ಓದಿದ: “‘ಸದರಿ ಹಕ್ಕಿಯ ಸಂಖ್ಯೆ ಹೇರಳವಾಗಿದ್ದು, ಒಂದು ಕಡೆ ಗೂಡು ಕಿತ್ತರೆ ಮತ್ತೊಂದು ಕಡೆ ಕಟ್ಟಿಕೊಳ್ಳಬಲ್ಲುದಾದ್ದರಿಂದ ವಿಶೇಷ ರಕ್ಷಣೆ ಅಗತ್ಯವಿಲ್ಲ.’” ವಾಕ್ಯ ಅವನಿಗೇ ಇಷ್ಟವಾಗಿ ಇನ್ನೊಂದು ಸಲ ಓದಿದ.

“ಗೂಡು ಕಟ್ಟೋದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು,” ಎಂದು ಟೀಚರು ಎದ್ದು ಹೊರಟೇಬಿಟ್ಟರು. ಬಾಗಿಲಿಗೆ ಒರಗಿ ನಿಂತಿದ್ದ ಕರಡಯ್ಯನ ಹೆಂಡತಿ ಅವರಿಗೆ ದಾರಿ ಬಿಟ್ಟಳು.

ಈಗ ಉಳಿದದ್ದು ಸಾಕ್ಷಿ. ನಾಲ್ಕು ಗಂಟೆಗೆ ಅಧಿಕಾರಿ ಬಂದು ‘ಎಲ್ಲಿ ನಿಮ್ಮ ನೀರುನಾಯಿ?’ ಎಂದರೆ ತೋರಿಸಬೇಕಲ್ಲ. ಅದು ಬರುವುದು ತನ್ನ ಮನಸ್ಸು ಬಂದಾಗ, ಹೋಗುವುದು ಹೊಟ್ಟೆ ತುಂಬಿದಾಗ.

ಸರ್ವೆಯಣ್ಣ ಕಾಲುವೆಯ ದಂಡೆಯನ್ನು ಈ ತುದಿಯಿಂದ ಆ ತುದಿಗೆ ಟೇಪು ಹಿಡಿದು ಅಳೆದು ಬಂದರು. “ನಿನ್ನ ಹಿಂಬಾಗಿಲ ಮೆಟ್ಟಿಲೇ ಸರಿ ಕರಡಯ್ಯ. ಮೆಟ್ಟಿಲ ಕೆಳಗೆ ಪೊಳ್ಳು ಜಾಗ ಇದೆ, ನೆರಳಿದೆ. ಅಧಿಕಾರಿಗೆ ಕುರ್ಚಿ ಹಾಕಿ ಕೂರ್ಸೋದಕ್ಕೂ ಅನುಕೂಲ. ಅಲ್ಲಿ ಮೀನಿಟ್ಟು ಕರೆಸೋಣ.”

“ನಿಮ್ಮನೇಗೂ ಮೆಟ್ಟಿಲಿದೆಯಲ್ಲ ಸರ್ವೆಯಣ್ಣ?”

“ನಮ್ಮನೇಲಿ ಮೀನಿನ ವಾಸನೆ ಆಗಲ್ಲಪ್ಪ,” ಎಂದರು ಅವರು. ಕರಡಯ್ಯ ಎಂದಿನಂತೆ ತಲೆಯಾಡಿಸಿದ. ಅವನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ ಎಂದು ನಾನು ಹೇಳಲಾರೆ. ನಿಮಗೆ ಸ್ವಲ್ಪವಾದರೂ ಬುದ್ಧಿ ಇರಬಹುದು.

ಮೀನಕ್ಕ ಮೀನು ಕೊಡುವುದಕ್ಕೆ ಒಪ್ಪಲು ಹತ್ತೂವರೆಯಾಯಿತು. “ಕದ್ದು ತಿಂದದ್ದು ಸಾಲ್ದು ಅಂತ ಇವತ್ತು ಕರೆದು ಬಡಿಸ್ಬೇಕು,” ಎಂದು ಗೊಣಗುತ್ತಲೇ ಒಂದು ಬುಟ್ಟಿ ತುಂಬಿಸಿದಳು. ಕರಡಯ್ಯ ಅದನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟ. ಅರ್ಧ ಗಂಟೆ ಯಾರೂ ಬರಲಿಲ್ಲ. ಅಷ್ಟರಲ್ಲಿ ಆರನೆಯ ಮನೆಯಿಂದ ಸಂಗೀತ ಪಾಠ ಶುರುವಾಯಿತು. ಆರು ಜನ ಶಿಷ್ಯೆಯರು ಒಟ್ಟಿಗೆ ಸ್ವರ ಎತ್ತಿದ ರಭಸಕ್ಕೆ ಕಾಲುವೆಯ ಕಪ್ಪೆಗಳೂ ಮುಳುಗಿದವು. ಟೀಚರು ಭಾನುವಾರ ಪಾಠ ಮಾಡಿದ್ದನ್ನು ಬೀದಿಯವರು ಎಂದೂ ಕಂಡಿರಲಿಲ್ಲ. ಇವತ್ತು ಭಾನುವಾರ, ಅಧಿಕಾರಿಗೂ ರಜೆಯಿಲ್ಲದ ಭಾನುವಾರ.

ಕರಡಯ್ಯ ಓಡಿದ. “ಟೀಚರ್, ಕೈ ಮುಗೀತೀನಿ, ನಾಲ್ಕು ಗಂಟೆ ತನಕ ಪಾಠ ನಿಲ್ಸಿ. ನೀರುನಾಯಿ ಹೆದರಿಕೊಳ್ಳುತ್ತೆ.”

“ನಿಲ್ಲಿಸ್ತೀನಿ,” ಎಂದರು ಟೀಚರು. “ಮೊದಲು ಹಕ್ಕಿಗೆ ತಪ್ಪಾಯ್ತು ಅಂತ ಹೇಳಿ.”

“ಯಾರಿಗೆ?”

“ನೀವು ಯಾರ ಮೇಲೆ ಬರೆದ್ರೋ ಅವರಿಗೆ.”

ಕರಡಯ್ಯ ಜಗಲಿಯ ದೀಪದ ಕೆಳಗೆ ನಿಂತು, ತಲೆಯೆತ್ತಿ, ಆರು ಶಿಷ್ಯೆಯರ ಎದುರು, “ತಪ್ಪಾಯ್ತು,” ಎಂದ. ಪಿಕಳಾರ ಕತ್ತು ಓರೆ ಮಾಡಿ ಅವನನ್ನು ನೋಡಿತು. ಆಮೇಲೆ ಬಾಲ ಎತ್ತಿ ಅವನ ಬಿಳಿಯ ಅಂಗಿಯ ಭುಜದ ಮೇಲೆ ತನ್ನ ಅಭಿಪ್ರಾಯ ಹಾಕಿತು. ಪಾಠ ನಿಂತಿತು.

ಮನೆಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಬುಟ್ಟಿ ಇರಲಿಲ್ಲ. ನೀರುನಾಯಿ ಬಂದು, ಬುಟ್ಟಿ ಸಮೇತ ಎಳೆದುಕೊಂಡು, ಕಾಲುವೆಯ ಆಚೆ ದಡಕ್ಕೆ ಹೋಗಿ ಊಟಕ್ಕೆ ಕೂತಿತ್ತು. ಮೀನಕ್ಕ ಎರಡನೆಯ ಬುಟ್ಟಿ ತಂದಳು. ಅದಕ್ಕೂ ಅದೇ ಗತಿಯಾಯಿತು. ಅದನ್ನು ಹಿಡಿಯಲು ಹೋಗಿ ಕರಡಯ್ಯ ಪಾಚಿಯ ಮೇಲೆ ಜಾರಿ ಸೊಂಟದವರೆಗೆ ನೀರಿಗೆ ಬಿದ್ದ.

“ಬುಟ್ಟೀನ ಮೆಟ್ಟಿಲಿಗೆ ಕಟ್ಟಬೇಕು,” ಎಂದರು ದಡದ ಮೇಲೆ ಒಂದು ಹನಿಯೂ ತಾಗದೆ ನಿಂತಿದ್ದ ಸರ್ವೆಯಣ್ಣ. “ಗಟ್ಟಿ ಹಗ್ಗ ತಗೊಂಡು ಬಾ. ಆಗ ಇಲ್ಲೇ ಕೂತು ತಿನ್ನಲೇಬೇಕಾಗುತ್ತೆ.”

“ಇದೇ ಕೊನೇ ಬುಟ್ಟಿ,” ಎಂದಳು ಮೀನಕ್ಕ.

ಕರಡಯ್ಯ ತೊಟ್ಟಿಕ್ಕುತ್ತ ಒಳಗೆ ಹೋಗಿ ಮನೆಯೆಲ್ಲ ಹುಡುಕಿದ. ಮನೆಯಲ್ಲಿದ್ದದ್ದು ಒಂದೇ ಹಗ್ಗ. ಅದು ಟ್ರಂಕಿನ ಸುತ್ತ ಇತ್ತು. ಹೆಂಡತಿ ನಲ್ಲಿಗೆ ನೀರು ತರಲು ಹೋಗಿದ್ದಳು. ಅವನು ಸ್ವಲ್ಪ ಹೊತ್ತು ಟ್ರಂಕನ್ನೇ ನೋಡುತ್ತ ನಿಂತ. ಸಂಜೆ ಮತ್ತೆ ಹಾಗೇ ಕಟ್ಟಿಬಿಟ್ಟರಾಯಿತು, ಅವಳಿಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡು, ಆರು ವರ್ಷದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ.

ಬುಟ್ಟಿ ಕಟ್ಟಿ, ಬಟ್ಟೆ ಬದಲಿಸಲು ಒಳಗೆ ಬಂದಾಗ ಮೂರು ಗಂಟೆ. ಹೆಂಡತಿ ಟ್ರಂಕಿನ ಮುಂದೆ ನೆಲದ ಮೇಲೆ ಕೂತಿದ್ದಳು. ಬಿಂದಿಗೆ ಪಕ್ಕದಲ್ಲೇ ಇತ್ತು.

“ಹಗ್ಗ ಬಿಚ್ಚಿದ್ರಾ?” ಎಂದಳು.

“ಅದು... ಹೌದು ಕಣೇ.”

“ನನಗೆ ಧೈರ್ಯ ಇರಲಿಲ್ಲ. ನಿಮಗಾದ್ರೂ ಬಂತಲ್ಲ.” ಅವಳ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು. ಅವನು ಅವಳ ಆ ನಗು ನೋಡಿ ಎಷ್ಟು ವರ್ಷವಾಗಿತ್ತೋ. “ಈ ಮನೆ ಎಲ್ಲೂ ಹೋಗಲ್ಲ ಅಂತ ನಿಮಗೇ ಅನ್ನಿಸಿದ ಮೇಲೆ ನಾನ್ಯಾಕೆ ಹೆದರ್ಲಿ.”

ಬುಟ್ಟಿಯ ವಿಷಯ ಹೇಳಲು ಅವನು ಬಾಯಿ ತೆರೆದ. ಅವಳು ಆಗಲೇ ಮುಚ್ಚಳ ಎತ್ತಿ ನೀಲಿ ಪರದೆಯನ್ನು ಕೊಡವುತ್ತಿದ್ದಳು. ಕರಡಯ್ಯ ಬಾಯಿ ಮುಚ್ಚಿದ. ಮೊಳೆ ಹೊಡೆಯಲು ಕುರ್ಚಿ ಹಿಡಿದುಕೊಂಡ. ಕಿಟಕಿಗೆ ಪರದೆ ಒಂದು ಗೇಣು ಉದ್ದ ಹೆಚ್ಚಾಗಿತ್ತು. “ಇರಲಿ, ನಿಧಾನವಾಗಿ ಕತ್ತರಿಸ್ತೀನಿ,” ಎಂದಳು ಅವಳು, ಇನ್ನು ಕಾಲವೆಲ್ಲ ತನ್ನದೇ ಎಂಬಂತೆ.

ಮೂರೂವರೆಗೆ ಸರ್ವೆಯಣ್ಣ ಹಿಂಬಾಗಿಲಿನಿಂದ ಕೈಸನ್ನೆ ಮಾಡಿ ಕರೆದರು. ನೀರುನಾಯಿ ಬಂದಿತ್ತು. ಹಗ್ಗವನ್ನು ಎರಡು ಸಲ ಎಳೆದು ನೋಡಿತು, ಗಂಟು ಬಿಚ್ಚಿಕೊಳ್ಳಲಿಲ್ಲ. ಮೆಟ್ಟಿಲ ಕೆಳಗಿನ ಪೊಳ್ಳಿಗೆ ಮೂತಿ ತೂರಿಸಿ ಒಳಗೆಲ್ಲ ಮೂಸಿತು. ಆಮೇಲೆ ನೀರಿಗೆ ಜಾರಿ ಹೋಯಿತು.

“ಹೋಯ್ತು,” ಎಂದ ಕರಡಯ್ಯ.

ಐದು ನಿಮಿಷದಲ್ಲಿ ಅದು ವಾಪಸು ಬಂತು. ಬಾಯಲ್ಲಿ ಒಂದು ಮರಿಯನ್ನು ಕತ್ತಿನ ಚರ್ಮ ಹಿಡಿದು ಕಚ್ಚಿಕೊಂಡಿತ್ತು. ಅದನ್ನು ಮೆಟ್ಟಿಲ ಕೆಳಗೆ ಸೇರಿಸಿ, ಹೋಗಿ ಇನ್ನೊಂದನ್ನು ತಂದಿತು. ನಮ್ಮ ಕಡೆಯ ಜನ ಮನೆ ಬದಲಿಸುವುದಕ್ಕೆ ತಿಂಗಳು ಹಿಡಿಯುತ್ತದೆ, ಅದು ಕಾಲು ಗಂಟೆಯಲ್ಲಿ ಮುಗಿಸಿತು.

ಕರಡಯ್ಯ ನಮೂನೆಯನ್ನು ಮತ್ತೆ ಕೈಗೆತ್ತಿಕೊಂಡ. ಜೀವಿಯ ವಾಸಸ್ಥಳ ಎಂಬಲ್ಲಿ ಸರ್ವೆಯಣ್ಣ ಬೆಳಗ್ಗೆ ‘ಕಾಲುವೆಯ ಸುತ್ತಮುತ್ತ’ ಎಂದು ಹೇಳಿ ಬರೆಸಿದ್ದರು. ಕರಡು ತಿದ್ದುವವನ ಕಣ್ಣಿಗೆ ಸುತ್ತಮುತ್ತ ಎಂಬ ಪದ ಕಾಲಿನ ಮುಳ್ಳಿನ ಹಾಗೆ. ಸರ್ವೆಯಣ್ಣ, “ಇರಲಿ ಬಿಡಯ್ಯ,” ಎಂದರು. ಇರಲಿ ಬಿಡು ಎಂದು ಇಪ್ಪತ್ತೆಂಟು ವರ್ಷದಲ್ಲಿ ಒಂದು ತಪ್ಪನ್ನೂ ಬಿಟ್ಟವನಲ್ಲ ಅವನು. ಹೊಡೆದುಹಾಕಿ ದುಂಡಗೆ ಬರೆದ: ‘ಹನ್ನೊಂದನೆಯ ಮನೆಯ ಹಿಂಬಾಗಿಲ ಮೆಟ್ಟಿಲ ಕೆಳಗಿನ ಬಿಲ. ಮರಿಗಳೊಡನೆ ಖಾಯಂ ವಾಸ.’

ನಾಲ್ಕಕ್ಕೆ ಸರಿಯಾಗಿ ಅಧಿಕಾರಿಣಿ ಬಂದರು. ಮೂವತ್ತು ದಾಟದ, ಮೆಲುಮಾತಿನ ಹೆಣ್ಣುಮಗಳು. ಹಾಕಿದ ಕುರ್ಚಿಯಲ್ಲಿ ಕೂರದೆ ಮೊಣಕಾಲೂರಿ ಮೆಟ್ಟಿಲ ಕೆಳಗೆ ಇಣುಕಿದರು. ಒಳಗಿನಿಂದ ಮರಿಗಳ ಕಿಚಿಕಿಚಿ ಕೇಳಿಸಿತು. ಅವರ ಮುಖ ಅರಳಿತು. ನಮೂನೆಯನ್ನು ನಿಂತಲ್ಲೇ ಪೂರ್ತಿ ಓದಿದರು.

“ಏಳನೇ ಕಲಂ ಇಷ್ಟು ಚೆನ್ನಾಗಿ ಯಾರೂ ತುಂಬಿರಲಿಲ್ಲ,” ಎಂದರು. “ಯಾರು ಬರೆದದ್ದು?”

ಕರಡಯ್ಯ ನಾಚಿಕೊಂಡು ಕೈಯೆತ್ತಿದ.

“ರಸ್ತೆ ಕೆಲಸ ರದ್ದಾಗುತ್ತೆ. ಮನೆಗಳನ್ನ ಯಾರೂ ಕೆಡವಲ್ಲ.”

ಸರ್ವೆಯಣ್ಣ ಕರಡಯ್ಯನನ್ನು ತಬ್ಬಿಕೊಂಡರು. ಮೀನಕ್ಕ ಸೆರಗಿನಿಂದ ಮೂಗೊರೆಸಿಕೊಂಡು, “ಬಾಣಂತಿ ಅಂತ ಮೊದಲೇ ಗೊತ್ತಿದ್ರೆ ನಾನೇ ಕೊಡ್ತಿದ್ದೆ,” ಎಂದಳು. ಟೀಚರೂ ಬಂದು ದೂರದಲ್ಲಿ ನಿಂತಿದ್ದರು. ಕಿಟಕಿಯಲ್ಲಿ ನೀಲಿ ಪರದೆಯ ಪಕ್ಕ ಹೆಂಡತಿಯ ಮುಖ ಕಂಡಿತು. ಕರಡಯ್ಯನ ಬೆನ್ನು ಅವತ್ತು ಮೊದಲ ಸಲ ನೆಟ್ಟಗಾಯಿತು. ಪೂರ್ತಿ ಒಂದು ನಿಮಿಷ ಹಾಗೇ ಇತ್ತು.

“ಅಳತೆ ಟೇಪು ಯಾರ ಹತ್ರಾದ್ರೂ ಇದೆಯಾ?” ಎಂದು ಕೇಳಿದರು ಅಧಿಕಾರಿಣಿ.

ಸರ್ವೆಯಣ್ಣನ ಕೈ ಜೇಬಿಗೆ ಹೋದ ವೇಗ ನೋಡಬೇಕಿತ್ತು. “ಏನು ಅಳೀಬೇಕು ಮೇಡಂ?”

“ಮರಿಗಳಿರೋ ಬಿಲದಿಂದ ಹತ್ತು ಮೀಟರ್ ಒಳಗೆ ಮನುಷ್ಯರು ವಾಸ ಮಾಡೋ ಹಾಗಿಲ್ಲ. ಅದು ನಿಯಮ.”

ಸರ್ವೆಯಣ್ಣ ಟೇಪಿನ ತುದಿಯನ್ನು ಮೆಟ್ಟಿಲಿಗೆ ಹಿಡಿದು ತಮ್ಮ ಮನೆಯ ಗೋಡೆಯವರೆಗೆ ಎಳೆದುಕೊಂಡು ಹೋದರು. ಎರಡು ಸಲ ಅಳೆದರು. “ಹತ್ತು ಮೀಟರ್, ಮೇಲೆ ನಾಲ್ಕು ಅಂಗುಲ,” ಎಂದರು. ದನಿಯಲ್ಲಿದ್ದ ಸಮಾಧಾನವನ್ನು ಮುಚ್ಚಿಡಲು ಅವರು ಮಾಡಿದ ಪ್ರಯತ್ನವನ್ನೂ ಇಲ್ಲಿ ದಾಖಲಿಸಬೇಕು. ಸ್ವಲ್ಪ ಪ್ರಯತ್ನ ಮಾಡಿದರು.

“ಹಾಗಾದ್ರೆ ಒಂದೇ ಮನೆ,” ಎಂದರು ಅಧಿಕಾರಿಣಿ.

“ಮೇಡಂ,” ಎಂದ ಕರಡಯ್ಯ, “ಅದು ಇವತ್ತು ಮಧ್ಯಾಹ್ನ ಬಂದದ್ದು. ನಾವೇ ಮೀನಿಟ್ಟು ಕರೆದದ್ದು. ನಾಳೆ ಹೊರಟುಹೋಗಬಹುದು.”

“ಖಾಯಂ ವಾಸ ಅಂತ ನೀವೇ ಬರೆದಿದ್ದೀರಲ್ಲ ಸಾರ್. ಅದೂ ತಿದ್ದಿ ಬರೆದಿದ್ದೀರಿ.” ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. “ನಾಳೆ ಮಧ್ಯಾಹ್ನದ ಒಳಗೆ ಖಾಲಿ ಮಾಡಬೇಕಾಗುತ್ತೆ.”

ಕುರ್ಚಿಯ ಮೇಲೆ ಕಾಗದ ಇಟ್ಟುಕೊಂಡು ಆದೇಶ ಬರೆದು ಅವನ ಕೈಗೆ ಕೊಟ್ಟರು. ಕರಡಯ್ಯ ಓದಿದ. ‘ಹನ್ನೊಂದನೆಯ ಮನೆಯ ನಿವಾಸಿಗಳು. ವರ್ಗ: ಸಸ್ತನಿ. ಸಂರಕ್ಷಣಾ ಸ್ಥಿತಿ: ಅತಿ ಕಡಿಮೆ ಕಾಳಜಿ. ಸದರಿಯವರ ಸಂಖ್ಯೆ ಹೇರಳವಾಗಿದ್ದು, ಒಂದು ಕಡೆ ಗೂಡು ಕಿತ್ತರೆ ಮತ್ತೊಂದು ಕಡೆ ಕಟ್ಟಿಕೊಳ್ಳಬಲ್ಲರಾದ್ದರಿಂದ ವಿಶೇಷ ರಕ್ಷಣೆ ಅಗತ್ಯವಿಲ್ಲ.’

“ನಿಮ್ಮ ವಾಕ್ಯ ಚೆನ್ನಾಗಿತ್ತು ಸಾರ್. ಹಾಗೇ ತಗೊಂಡೆ,” ಎಂದರು ಅಧಿಕಾರಿಣಿ.

ಅದರಲ್ಲಿ ತಿದ್ದಬೇಕಾದದ್ದು ಒಂದಕ್ಷರವೂ ಇರಲಿಲ್ಲ. ಹೊರಡುವ ಮುನ್ನ ಅವರು ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದರು: ‘ಈ ಬಿಲದ ಒಳಗಿನ ಯಾವುದೇ ವಸ್ತುವನ್ನು ಮುಟ್ಟುವುದು ಅಪರಾಧ.’

ಬೀದಿಯವರು ಒಬ್ಬೊಬ್ಬರಾಗಿ ಕರಗಿದರು. ಟೀಚರು ಮಾತ್ರ ಒಂದು ಕ್ಷಣ ನಿಂತು, ಅವನ ಭುಜದ ಮೇಲಿನ ಹಳೆಯ ಅಂಗಿಯ ಮಡಿಕೆ ಸರಿಮಾಡಿ ಹೋದರು.

ಕರಡಯ್ಯ ಒಳಗೆ ಬಂದ. ಹೆಂಡತಿ ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದಳು. ಪರದೆಯನ್ನು ಇಳಿಸಿ, ನಾಲ್ಕು ಮಡಿಕೆ ಮಾಡಿ ಟ್ರಂಕಿಗೆ ಹಾಕಿದಳು. ಮುಚ್ಚಳ ಹಾಕಿ ಅದರ ಮೇಲೆ ಕೂತಳು.

“ರೀ, ಆ ಹಗ್ಗ ಎಲ್ಲಿಟ್ರಿ?” ಎಂದಳು.

ಕರಡಯ್ಯ ಹಿಂಬಾಗಿಲನ್ನು ಎರಡು ಬೆರಳಿನಷ್ಟು ತೆರೆದು, ಮೆಟ್ಟಿಲ ಕಲ್ಲುಗಳ ಸಂದಿನಿಂದ ಕೆಳಗೆ ಇಣುಕಿದ. ಬುಟ್ಟಿ ಖಾಲಿಯಾಗಿ ಬೋರಲು ಬಿದ್ದಿತ್ತು. ಹಗ್ಗವನ್ನು ಕಡಿದು ಒಳಗೆಳೆದುಕೊಂಡು, ಸುರುಳಿ ಸುತ್ತಿ, ಅದರ ಮೇಲೆ ತಾಯಿಯೂ ಎರಡು ಮರಿಗಳೂ ಹೊಟ್ಟೆ ತುಂಬಿ ಮಲಗಿದ್ದವು. ಅವನು ಬಾಗಿಲು ಮೆಲ್ಲಗೆ ಮುಚ್ಚಿದ.

“ಅದರ ಮೇಲೆ ಮಲಗಿದ್ದಾರೆ ಕಣೇ,” ಎಂದ.

ಅವಳು ಅವನ ಮುಖವನ್ನೇ ನೋಡಿದಳು. “ಅಂದ್ರೆ ನೀವು ಹಗ್ಗ ಬಿಚ್ಚಿದ್ದು ಮೀನಿನ ಬುಟ್ಟಿಗಾ?”

ದೂರದಲ್ಲಿ ಆರನೆಯ ಮನೆಯ ಜಗಲಿಯಲ್ಲಿ ಪಿಕಳಾರ ಸಂಜೆಯ ಹಾಡು ಶುರುಮಾಡಿತ್ತು.

“ಹೋಗಿ, ಸರ್ವೆಯಣ್ಣನ ಮನೇಲಿ ಒಂದು ಹಗ್ಗ ಕೇಳಿ ತನ್ನಿ,” ಎಂದಳು ಅವಳು ಮುಖ ತಿರುಗಿಸಿಕೊಂಡು. “ಮುಂಬಾಗಿಲಿಂದ ಹೋಗಿ. ಹಿಂದಿನಿಂದ ಹೋದ್ರೆ ಮಲಗಿರೋರಿಗೆ ಎಚ್ಚರ ಆಗುತ್ತೆ.”